ಇತ್ತೆ ಎಂದರೆ ಹೋಗಿ

ಜಪಾನಿನಲ್ಲಿ ಮನೆಯಿಂದ ಹೊರಡುವವರು ಬಾಗಿಲ ಬಳಿ ಬೂಟು ಮೆಟ್ಟಿಕೊಂಡು, ಒಳಗಿದ್ದವರಿಗೆ ಕೇಳುವಂತೆ ‘ಇತ್ತೆ ಕಿಮಸ್’ ಅನ್ನುತ್ತಾರೆ. ಒಳಗಿನಿಂದ ‘ಇತ್ತೆರಶ್ಶಾಯ್’ ಎಂದು ಉತ್ತರ ಬರುತ್ತದೆ. ಮೊದಲನೆಯದು ‘ಹೋಗಿ ಬರ್ತೀನಿ’, ಎರಡನೆಯದು ‘ಹೋಗಿ ಬಾ’. ಜಪಾನಿ ಕಲಿಯಲು ಕೂತ ಹೊಸದರಲ್ಲಿ, ನನ್ನ ಪಠ್ಯಪುಸ್ತಕ ಇದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಹೆಣಗುತ್ತಿತ್ತು. ನಾನು ಅಂಚಿನಲ್ಲಿ ಎರಡೇ ಪದ ಗೀಚಿ ಪುಟ ತಿರುವಿದೆ.

ಆ ಪುಸ್ತಕದಲ್ಲಿ ಈ ‘ಇತ್ತೆ’ಯಂಥ ರೂಪದ ಹೆಸರು ‘ತೆ’ ರೂಪ. ತಬೆರು ಎಂದರೆ ತಿನ್ನು, ತಬೆತೆ, ತಿಂದು. ಕಕು ಎಂದರೆ ಬರೆ, ಕೈತೆ, ಬರೆದು. ಯೊಮು ಎಂದರೆ ಓದು, ಯೊಂದೆ, ಓದಿ. ಹಿಂದೆ ಇವು ಕಕಿತೆ, ಯೊಮಿತೆ ಎಂದೇ ಇದ್ದವು, ಆಡುತ್ತ ಆಡುತ್ತ ಸವೆದವು. ತರು ಎನ್ನುವುದು ತಂದು ಆದದ್ದನ್ನು, ನಿಲ್ಲು ಎನ್ನುವುದು ನಿಂತು ಆದದ್ದನ್ನು ನಾವ್ಯಾರೂ ಬಾಯಿಪಾಠ ಮಾಡಿದವರಲ್ಲ. ಕಕು ಕೈತೆ ಆದ ಲೆಕ್ಕದಲ್ಲಿ ಇಕು, ಅಂದರೆ ಹೋಗು, ಇಯ್ತೆ ಆಗಬೇಕಿತ್ತು. ಅದೊಂದು ಮಾತ್ರ ನಿಯಮ ತಪ್ಪಿ ಇತ್ತೆ ಆಗಿದೆ. ದಿನವೂ ಎಲ್ಲರೂ ತುಳಿಯುವ ಹೊಸ್ತಿಲು ತಾನೆ, ಅದರ ಸವೆತವೇ ಬೇರೆ.

‘ಒಕಿತೆ, ಕಾವೊ ಅರತ್ತೆ, ಒಚಾ ನೊಂದೆ, ದೆಕಕೆತ.’ ಎದ್ದು, ಮುಖ ತೊಳೆದು, ಚಹಾ ಕುಡಿದು, ಹೊರಟೆ. ಇಲ್ಲಿ ಕಾಲ ಇರುವುದು ಕೊನೆಯ ಪದದಲ್ಲಿ ಮಾತ್ರ. ‘ದೆಕಕೆತ’ ತೆಗೆದು ‘ದೆಕಕೆರು’ ಇಟ್ಟರೆ ಎದ್ದದ್ದು, ತೊಳೆದದ್ದು, ಕುಡಿದದ್ದು ಎಲ್ಲವೂ ನಾಳೆಗೆ ಹೋಗಿ ಕೂರುತ್ತವೆ. ಅಲ್ಲಿಯವರೆಗಿನ ಕ್ರಿಯೆಗಳು ತಮ್ಮ ಕಾಲ ಯಾವುದೆಂದು ಗೊತ್ತಿಲ್ಲದೆಯೇ ಸಾಲಾಗಿ ನಿಂತಿರುತ್ತವೆ.

ಮುಂದಿನ ಪಾಠಗಳಲ್ಲಿ ಕನ್ನಡದೊಂದಿಗಿನ ನಂಟು ಇನ್ನೂ ಬಲಿಯಿತು. ‘ತಬೆತೆ ಮಿರು’ ಎಂದರೆ ತಿಂದು ನೋಡು. ಮಿರು ಎಂದರೆ ನೋಡುವುದೇ. ‘ಕೈತೆ ಒಕು’ ಬರೆದಿಡು. ಒಕು ಎಂದರೆ ಇಡು. ‘ತಬೆತೆ ಶಿಮತ್ತ’ ಅಂದರೆ ತಿಂದುಬಿಟ್ಟೆ, ಅದೇ ಅಳುಕಿನ ಸಮೇತ. ‘ಕಿತೆ ಇರು’ ಬಂದಿದ್ದಾನೆ. ಅವರ ಇರು ಎಂಬುದಕ್ಕೂ ಇರುವುದು ಎಂದೇ ಅರ್ಥ! ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾತಜ್ಞರು ಒಪ್ಪಲಿಲ್ಲ. ರಕ್ತಸಂಬಂಧ ಬೇಕೆಂದೇನೂ ಇಲ್ಲ. ಕ್ರಿಯಾಪದವನ್ನು ಕೊನೆಗೆ ಕಾದಿಡುವ ಮನೆಗಳಲ್ಲಿ ಇಂಥ ಹೋಲಿಕೆ ಅಪರೂಪವಲ್ಲ.

ಆದರೆ ಅವರ ‘ತೆ’ ನಮ್ಮದಕ್ಕಿಂತ ಹೆಚ್ಚು ಮೌನ ಹೊರಬಲ್ಲದು. ತಡವಾಗಿ ಬಂದವರು ‘ಒಕುರೆತೆ ಸುಮಿಮಸೆನ್’ ಅನ್ನುತ್ತಾರೆ. ತಡವಾಗಿ, ಕ್ಷಮಿಸಿ. ನಾವು ‘ತಡವಾಯ್ತು, ಕ್ಷಮಿಸಿ’ ಎಂದು ಒಂದು ಮಾತು ಮುಗಿಸಿ ಇನ್ನೊಂದಕ್ಕೆ ಹೋಗುತ್ತೇವೆ. ‘ಆದ್ದರಿಂದ’ ಎನ್ನಲು ಅವರಿಗೆ ‘ಕರಾ’ ಇದೆ. ಅದನ್ನಿಲ್ಲಿ ಬಳಸಿದರೆ ಸಬೂಬು ಹೇಳಿದಂತೆ ಕೇಳುತ್ತದೆ. ಇನ್ನು ‘ಚೊತ್ತೊ ಮತ್ತೆ’ ಎಂದರೆ ಸ್ವಲ್ಪ ಕಾದು... ಅಷ್ಟೇ. ‘ಕೊಡಿ’ ಎಂಬ ಅರ್ಥದ ‘ಕುದಸಾಯ್’ ಬಾಯಲ್ಲೇ ಉಳಿಯುತ್ತದೆ. ಕನ್ನಡದ ಕಿವಿಗೆ ಅದು ನಮ್ಮ ‘ಮತ್ತೆ’ಯಂತೆಯೇ ಕೇಳುತ್ತದೆ: ಮುಂದೇನು ಎಂಬುದು ಕೇಳುವವರ ಪಾಲಿಗೆ.

ಹೊರಡುವಾಗ ನಾನು ‘ಹೋಗ್ತೀನಿ’ ಅಂದರೆ ಅಜ್ಜಿ ರೇಗುತ್ತಿದ್ದಳು. ‘ಹಾಗನ್ನಬಾರದು, ಹೋಗಿ ಬರ್ತೀನಿ ಅನ್ನು.’ ಅದು ಶಕುನದ ಮಾತು ಅಂದುಕೊಂಡಿದ್ದೆ. ಈಗ ವ್ಯಾಕರಣವೂ ಅನಿಸುತ್ತದೆ. ಆ ವಾಕ್ಯದಲ್ಲಿ ಹೋಗುವುದು ಅಪೂರ್ಣ ಕ್ರಿಯೆ, ಪೂರ್ಣವಾಗುವುದು ಬರುವುದು ಮಾತ್ರ. ನಮ್ಮಲ್ಲಿ ಯಾರಾದರೂ ತೀರಿಕೊಂಡಾಗ ಹೋಗುವುದನ್ನು ಪೂರ್ಣ ಮಾಡಿ ಹೇಳುತ್ತೇವೆ.

ಅಜ್ಜಿ ಹೋದಳು.