ಸೋರುವ ಕೊಳವೆಗೆ ಗ್ಯಾಸು ತುಂಬುವದು ದುರಸ್ತಿಯೋ?

ನಮ್ಮ ಕರಾವಳಿಯ ಬೆಸ್ತರು ಕಡಲಿಗೆ ಹೋಗುವಾಗ ದೋಣಿಯೊಳಗೆ ಐಸು ತುಂಬಿಕೊಂಡು ಹೋಗುವದನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಇಂಗ್ಲೆಂಡ್, ಅಮೇರಿಕಾ ಮುಂತಾದ ದೇಶಗಳಲ್ಲಿ ಹಾಯಿದೋಣಿಯನ್ನೇ ಮನೆಮಾಡಿಕೊಂಡು ಸಂಚರಿಸುವ ಜನರುಂಟು. ಇಂಥವರ ದೋಣಿಗಳಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಣ್ಣ ಫ್ರಿಜ್ಜು ಇರುವದು. ಅದು ಹಳೆಯದಾಗಿ ತಣ್ಣಗಾಗದೆ ಹೋದರೆ ದುರಸ್ತಿಯೆಂಬ ಹೆಸರಿನಲ್ಲಿ ಏನನ್ನು ಮಾಡಬಹುದು, ಏನನ್ನು ಮಾಡಬಾರದು ಎಂಬದನ್ನು ಇಲ್ಲಿ ವಿಚಾರಿಸುವೆವು.

ಮೊದಲು ಬ್ಯಾಟರಿಯ ಸಂಗತಿ. ಪೂರ್ಣವಾಗಿ ಚಾರ್ಜಾದ ಸೀಸದ ಬ್ಯಾಟರಿಯು ಕೆಲಸವಿಲ್ಲದೆ ಇರುವಾಗ ಸುಮಾರು 12.6 ವೋಲ್ಟು ತೋರಿಸುವದು. ಆದರೆ ಉಪ್ಪುಗಾಳಿಯಿಂದ ತಂತಿಯ ತುದಿಗಳು ಕಿಲುಬು ಹಿಡಿದಿದ್ದರೆ ಆ ಬಲವು ಯಂತ್ರಕ್ಕೆ ಮುಟ್ಟುವದೇ ಇಲ್ಲ. ತುದಿಗಳನ್ನು ಉಜ್ಜಿ ದಪ್ಪ ತಂತಿ ಹಾಕಿದರೆ ಎಷ್ಟೋ ಸಾರಿ ಅಲ್ಲಿಗೇ ರೋಗ ತೀರಿತು. ಇದನ್ನು ಬಲ್ಲ ಕೆಲಸಗಾರನು ಬಾಯಿಮುಚ್ಚಿಕೊಂಡು ಹೊಸ ಯಂತ್ರವನ್ನು ಮಾರಿದರೆ ಅದು ಕಳವೇ ಸರಿ; ಇದಕ್ಕೆ ಉದ್ದವಾದ ತರ್ಕ ಬೇಡ.

ಕಷ್ಟವಾದ ಪ್ರಶ್ನೆಯು ಗ್ಯಾಸಿನದು. ಗ್ಯಾಸು ದೀಪದ ಎಣ್ಣೆಯಂತೆ ಉರಿದು ತೀರುವಂಥದ್ದಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಾ ಪೆಟ್ಟಿಗೆಯ ಶಾಖವನ್ನು ಹೊರಗೆ ಹೊತ್ತು ಹಾಕುವದು. ಆದಕಾರಣ ಗ್ಯಾಸು ಕಡಿಮೆಯಾಯಿತೆಂದರೆ ಎಲ್ಲಿಯೋ ತೂತು ಉಂಟೆಂದೇ ಅರ್ಥ. ಹೀಗಿದ್ದರೂ ತೂತನ್ನು ಹುಡುಕದೆ ಗ್ಯಾಸು ತುಂಬಿ ಕೂಲಿ ತೆಗೆದುಕೊಂಡು ಹೋಗುವವರು ಇದ್ದಾರೆ. ಕೆಲವು ಕಾಲ ಪೆಟ್ಟಿಗೆ ತಣ್ಣಗಿರುವದು, ಯಜಮಾನನು ಸಂತೋಷಪಡುವನು, ತೂತು ಮಾತ್ರ ಇದ್ದಲ್ಲೇ ಇರುವದು.

ಸೋರಿದ ಗ್ಯಾಸು ಎಲ್ಲಿಗೆ ಹೋಯಿತು? ಪೂರ್ವದ ಫ್ರಿಜ್ಜುಗಳಲ್ಲಿದ್ದ ವಿಷವಾಯುಗಳು ಸೋರಿ ಮನುಷ್ಯರು ಸತ್ತದ್ದುಂಟು. ಆದುದರಿಂದಲೇ ಥಾಮಸ್ ಮಿಡ್ಗ್ಲಿ ಎಂಬವನೂ ಅವನ ಜೊತೆಗಾರರೂ ಹೊಸ ವಾಯುವನ್ನು ಹುಡುಕಿದರು. 1930ರಲ್ಲಿ ಮಿಡ್ಗ್ಲಿಯು ವಿದ್ವಾಂಸರ ಮುಂದೆ ಅದನ್ನು ತಾನೇ ಉಸಿರಿಗೆಳೆದು, ಊದಿ ಮೇಣದಬತ್ತಿಯನ್ನು ನಂದಿಸಿ ತೋರಿಸಿದನು. ಅವನು ಮೋಸಗಾರನಲ್ಲ, ತಿಳಿದಷ್ಟನ್ನು ತೋರಿಸಿದನು. ಆರ್-12 ಎಂಬ ಆ ವಾಯುವೇ ಹಳೆಯ ದೋಣಿಫ್ರಿಜ್ಜುಗಳಲ್ಲಿಯೂ ಇದ್ದದ್ದು. ಇಂಥ ವಾಯುಗಳು ಮೇಲಕ್ಕೇರಿ, ಸೂರ್ಯನ ಉಗ್ರಕಿರಣಗಳನ್ನು ತಡೆಯುವ ಓಜೋನ್ ಪದರವನ್ನು ತಿನ್ನುವವೆಂದು 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ತಿಳಿಸಿದರು. 1985ರಲ್ಲಿ ದಕ್ಷಿಣಧ್ರುವದ ಮೇಲೆ ಆ ಪದರವು ಬಹಳ ತೆಳುವಾದದ್ದು ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಜ್ಯಗಳು ಒಪ್ಪಂದ ಮಾಡಿದವು. ಇಂದು ಹೊರಬಿಟ್ಟ ಆರ್-12 ಸುಮಾರು ನೂರು ವರುಷ ಗಾಳಿಯಲ್ಲಿ ಉಳಿಯುವದು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಜೋನನ್ನು ತಿನ್ನದು, ಆದರೂ ತೂಕಕ್ಕೆ ತೂಕ ನೋಡಿದರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಾಲಿಗೂ ಹೆಚ್ಚಾಗಿ ಭೂಮಿಯನ್ನು ಕಾಯಿಸುವದು.

ಇಷ್ಟು ಸಣ್ಣ ಪೆಟ್ಟಿಗೆಯಲ್ಲಿರುವದು ಕೆಲವು ಹತ್ತು ಗ್ರಾಂ ತಾನೇ ಎಂದು ಒಬ್ಬನು ಹೇಳಾನು. ಈ ಮಾತನ್ನು ನಾವು ಹಗುರವಾಗಿ ತಳ್ಳಲಾರೆವು. ದೋಣಿಯವನಿಗೆ ಅಂದಿನ ಆಹಾರ ಕೆಡುವದು ಕಣ್ಣಮುಂದಿನ ನಷ್ಟವು. ಆದರೂ ಮಿಡ್ಗ್ಲಿಗೆ ತಿಳಿಯದೆ ಇದ್ದದ್ದು ನಮಗೆ ತಿಳಿದಿದೆ. ತಿಳಿದು ಸೋರಿಸುವವನು ತನ್ನ ನಷ್ಟವನ್ನು ಇನ್ನೂ ಹುಟ್ಟದವರ ಲೆಕ್ಕಕ್ಕೆ ಬರೆಯುತ್ತಾನಲ್ಲವೇ? ಅಗ್ಗವೆಂದು ಅಡಿಗೆಯ ಗ್ಯಾಸಿನಂಥ ಉರಿಯುವ ವಾಯುವನ್ನು ತುಂಬುವವರ ಕೆಲಸ ಇನ್ನೂ ಕೆಟ್ಟದ್ದು. ಅದು ಗಾಳಿಗಿಂತ ಭಾರವಾದದ್ದರಿಂದ ಸೋರಿದರೆ ದೋಣಿಯ ತಳದಲ್ಲಿ ನಿಲ್ಲುವದು. ಒಂದು ಕಿಡಿ ಸಾಕು. ಆ ರಾತ್ರಿ ಅಲ್ಲಿ ಮಲಗಿದವನು ದೋಣಿಯನ್ನು ಕೊಂಡು, ಏನನ್ನೂ ಅರಿಯದ ಬೇರೊಬ್ಬನಾಗಿರಬಹುದು.

ಸರಿಯಾದ ಕ್ರಮವೇನಂದರೆ, ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡು, ಕೊಳವೆಗೆ ಸಾರಜನಕವನ್ನು ತುಂಬಿ, ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವ ಕಡೆಯಲ್ಲಿ ಬೆಸೆಯಬೇಕು. ತರುವಾಯ ಒಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ತೆಗೆದು, ಗ್ಯಾಸನ್ನು ತೂಕಮಾಡಿ ತುಂಬಬೇಕು. ಇದರ ಖರ್ಚು ಹಳೆಯ ಪೆಟ್ಟಿಗೆಯ ಬೆಲೆಯನ್ನೇ ಮೀರಬಹುದು. ಹಾಗಾದರೆ ಬಡ ಯಜಮಾನನು ಗ್ಯಾಸನ್ನು ಸಿಲಿಂಡರಿಗೆ ತೆಗೆಯಿಸಿ ಯಂತ್ರವನ್ನು ಬಿಟ್ಟುಬಿಡಲಿ. ದಪ್ಪ ಗೋಡೆಯ ಪೆಟ್ಟಿಗೆಯು ಕೆಟ್ಟಿಲ್ಲವಷ್ಟೆ. ನಮ್ಮ ಬೆಸ್ತರು ಮಾಡುವಂತೆ ಅದರಲ್ಲಿ ಐಸು ತುಂಬಿಕೊಂಡು ಹೋಗಬಹುದು.