ಗುಣವಾಗದವರ ನಂಬಿಕೆ

ನಂಬಿದವನಿಗೆ ರೋಗವು ವಾಸಿಯಾಗುವುದೆಂದು ಬೋಧಿಸಿದಲ್ಲಿ, ವಾಸಿಯಾಗದವನ ಗತಿಯೇನು? ಹೊಗೆಯಿದ್ದೆಡೆಯಲ್ಲಿ ಬೆಂಕಿಯುಂಟು, ಬೆಂಕಿಯಿಲ್ಲದ ಮಡುವಿನಲ್ಲಿ ಹೊಗೆಯೂ ಇಲ್ಲ. ಇದು ತರ್ಕಶಾಸ್ತ್ರದ ಮೊದಲ ಪಾಠ. ಅದೇ ಕ್ರಮದಲ್ಲಿ, ನಂಬಿಕೆಯಿದ್ದೆಡೆಯಲ್ಲಿ ಆರೋಗ್ಯವುಂಟೆಂಬ ವ್ಯಾಪ್ತಿಯನ್ನು ಅಂಗೀಕರಿಸಿದ ಮೇಲೆ, ಆರೋಗ್ಯವಿಲ್ಲದೆಡೆಯಲ್ಲಿ ನಂಬಿಕೆಯೂ ಇಲ್ಲವೆಂದು ಒಪ್ಪಲೇಬೇಕಾಗುತ್ತದೆ. ತರ್ಕಕ್ಕೆ ಇದರಿಂದ ಯಾವ ಬಾಧಕವೂ ಇಲ್ಲ. ಬಾಧೆಯೆಲ್ಲ ಹಾಸಿಗೆ ಹಿಡಿದವನಿಗೆ. ಇಂಗ್ಲೆಂಡಿನ ಸ್ಮಿತ್ ವಿಗಲ್ಸ್‌ವರ್ತನೆಂಬ ಕ್ರೈಸ್ತ ಬೋಧಕನ ಚರಿತ್ರೆಯಲ್ಲಿ ಈ ಪ್ರಶ್ನೆಯು ಸ್ಫುಟವಾಗಿ ಕಾಣಬರುತ್ತದೆ.

ಈತನು 1859ರಲ್ಲಿ ಯಾರ್ಕ್‌ಷೈರಿನ ಮೆನ್‌ಸ್ಟನ್ ಗ್ರಾಮದ ಕಡುಬಡವರ ಮನೆಯಲ್ಲಿ ಹುಟ್ಟಿದನು. ಆರನೆಯ ವಯಸ್ಸಿಗೆ ಹೊಲದಲ್ಲಿ ಗಡ್ಡೆ ಕೀಳುವ ಕೂಲಿ. ಏಳಕ್ಕೆ ಉಣ್ಣೆಯ ಗಿರಣಿಯಲ್ಲಿ ದಿನಕ್ಕೆ 12 ಗಂಟೆಯ ದುಡಿಮೆ. ಶಾಲೆಯ ಮುಖವನ್ನು ಕಾಣುವ ಭಾಗ್ಯವಿರಲಿಲ್ಲ. ಮುಂದೆ ನೀರಿನ ಕೊಳಾಯಿಗಳನ್ನು ಜೋಡಿಸುವ ಕಸಬನ್ನು ಕಲಿತು ಬ್ರಾಡ್‌ಫರ್ಡ್ ಪಟ್ಟಣದಲ್ಲಿ ನೆಲಸಿದನು. 1882ರಲ್ಲಿ ಅವನ ಕೈಹಿಡಿದ ಪಾಲಿಯೇ ಅವನಿಗೆ ಓದು ಕಲಿಸಿದವಳು. ಗಂಡನಿಗೆ ಅಕ್ಷರಾಭ್ಯಾಸ ಮಾಡಿಸಿದ ಗೃಹಿಣಿಯರು ಲೋಕದಲ್ಲಿ ಅಪರೂಪ. ಈಕೆಯ ಹೆಸರನ್ನು ಬಿಟ್ಟು ಮುಂದೆ ಹೋಗಲಾಗದು. ಬೌಲಂಡ್ ಬೀದಿಯ ಪ್ರಾರ್ಥನಾಮಂದಿರದಲ್ಲಿ ಉಪದೇಶ ಮಾಡುತ್ತಿದ್ದವಳೂ ಆಕೆಯೇ. ಗಂಡನಿಗೆ ಸಭೆಯೆದುರು ಮಾತು ಹೊರಡುತ್ತಿರಲಿಲ್ಲ. 1907ರಲ್ಲಿ ಸಂಡರ್‌ಲೆಂಡಿನಲ್ಲಿ ಪವಿತ್ರಾತ್ಮನು ತನ್ನ ಮೇಲೆ ಇಳಿದನೆಂದು ಹೇಳಿಕೊಂಡು ಮರಳಿದ ಮೇಲೆ ಅವನ ನಾಲಗೆಯು ಬಿಚ್ಚಿತು. 1913ರಲ್ಲಿ ಪಾಲಿಯು ತೀರಿಕೊಂಡಳು. ಅನಂತರ ಅವನು ಯೂರೋಪು, ಅಮೆರಿಕಗಳನ್ನೂ, 1922ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡುಗಳನ್ನೂ ಸುತ್ತಿದನು. ಹೋದೆಡೆಯಲ್ಲೆಲ್ಲ ಸಹಸ್ರಾರು ಜನ ನೆರೆದರು.

ಅವನ ಚಿಕಿತ್ಸೆಯ ರೀತಿಯು ವಿಚಿತ್ರವಾಗಿದ್ದಿತು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದಲ್ಲದೆ, ಒಮ್ಮೊಮ್ಮೆ ರೋಗಿಯ ಹೊಟ್ಟೆಗೆ ಗುದ್ದುವುದೂ ಉಂಟು. ತಾನು ಹೊಡೆಯುವುದು ರೋಗಿಯನ್ನಲ್ಲ, ಒಳಗಿರುವ ಸೈತಾನನನ್ನು ಎಂಬುದು ಅವನ ಸಮಾಧಾನ. ಒಂದನ್ನೇ ಕುರಿತು ಪದೇಪದೇ ಪ್ರಾರ್ಥಿಸುವುದು ಅವಿಶ್ವಾಸದ ಲಕ್ಷಣವೆಂದು ಬೋಧಿಸುತ್ತಿದ್ದನು. ಗುಣವಾದವರ ವೃತ್ತಾಂತಗಳು ಬಹಳವಾಗಿವೆ. ಸತ್ತವರು ಎದ್ದರೆಂಬ ಕಥೆಗಳೂ ಇವೆ. ಆದರೆ ಬಹುಪಾಲು ಅವನ ಉಪನ್ಯಾಸಗಳಿಂದಲೂ ಭಕ್ತರ ಬರಹಗಳಿಂದಲೂ ಬಂದವು. ವೈದ್ಯರ ಸಾಕ್ಷ್ಯವು ವಿರಳ. ಹಾಗೆಂದು ಅವನನ್ನು ವಂಚಕನೆನ್ನುವುದು ಅನ್ಯಾಯ. ವಂಚಕನಾಗಿದ್ದರೆ ತನ್ನ ದೇಹಕ್ಕೆ ನೋವು ಬಂದಾಗ ಗುಟ್ಟಾಗಿ ವೈದ್ಯರ ಬಾಗಿಲಿಗೆ ಹೋಗುತ್ತಿದ್ದನು. 1930ರ ಸುಮಾರಿನಲ್ಲಿ ಮೂತ್ರಪಿಂಡದ ಕಲ್ಲುಗಳು ಅವನನ್ನು ಕೆಲವು ವರ್ಷ ಕಾಡಿದವು. ಶಸ್ತ್ರಕ್ರಿಯೆಯನ್ನು ನಿರಾಕರಿಸಿ, ನೋವನ್ನು ನುಂಗಿ, ವೇದಿಕೆಯಿಂದಿಳಿದು ಹಾಸಿಗೆಗೂ ಹಾಸಿಗೆಯಿಂದೆದ್ದು ವೇದಿಕೆಗೂ ನಡೆದು ಪರರ ರೋಗಕ್ಕಾಗಿ ಪ್ರಾರ್ಥಿಸಿದನು. ಅವನ ಪ್ರವಾಸಗಳಲ್ಲಿ ಜೊತೆಗಿರುತ್ತಿದ್ದ ಮಗಳು ಆಲಿಸಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ತಂದೆಯು ಕಿವುಡರಿಗಾಗಿ ಕೈಯೆತ್ತಿ ಪ್ರಾರ್ಥಿಸುವಾಗ ಆಕೆ ಪಕ್ಕದಲ್ಲಿರುತ್ತಿದ್ದಳು. ಆಕೆಯಲ್ಲಿ ನಂಬಿಕೆಯಿರಲಿಲ್ಲವೆನ್ನಲು ಯಾರಿಗೆ ಬಾಯಿ ಬಂದೀತು?

ತನ್ನ ನೋವನ್ನು ಅವನು ದೈವಪರೀಕ್ಷೆಯೆಂದು ಸಹಿಸಿದನು. ಆ ಅರ್ಥವನ್ನು ಪರರ ನೋವಿಗೂ ಕೊಡಬಹುದಾಗಿತ್ತು. ಅವನ ಬೋಧನೆಯು ಅದಕ್ಕೆ ಎಡೆಗೊಡಲಿಲ್ಲ. ಯೋಹಾನನ ಸುವಾರ್ತೆಯಲ್ಲಿ, ಈ ಹುಟ್ಟುಕುರುಡನ ಸ್ಥಿತಿಗೆ ಯಾರ ಪಾಪ ಕಾರಣವೆಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ತಾಯಿತಂದೆಗಳದೂ ಅಲ್ಲ ಎಂದು ಯೇಸುವು ಉತ್ತರವಿತ್ತನು. ವಿಗಲ್ಸ್‌ವರ್ತನು ಬೈಬಲನ್ನು ಬಿಟ್ಟು ಬೇರೆ ಪುಸ್ತಕವನ್ನು ಓದಿದವನಲ್ಲ. ಈ ಮಾತನ್ನು ಎಷ್ಟು ಸಲ ಓದಿದ್ದನೋ! ಆದರೆ ದೋಷವು ಅವನೊಬ್ಬನದೆ? ಪ್ರಾರಬ್ಧವೆಂಬ ಮಾತನ್ನು ತನ್ನ ಕಷ್ಟಕ್ಕೆ ಅನ್ವಯಿಸಿಕೊಂಡವನಿಗೆ ತಾಳ್ಮೆ ಬರುತ್ತದೆ. ಅದನ್ನೇ ನೆರೆಯವನ ರೋಗಶಯ್ಯೆಯ ಬಳಿ ನಿಂತು ನುಡಿದಾಗ ಅದು ದೂಷಣೆಯಾಗುತ್ತದೆ. ಹಾಗೆ ನುಡಿಯುವವರು ಯಾವ ಊರಿನಲ್ಲಿಲ್ಲ?

1947ರ ಮಾರ್ಚ್ 12ರಂದು, 87ರ ವೃದ್ಧನಾದ ಅವನು ಸ್ನೇಹಿತನೊಬ್ಬನ ಶವಸಂಸ್ಕಾರಕ್ಕಾಗಿ ವೇಕ್‌ಫೀಲ್ಡಿಗೆ ಹೋದನು. ಅಲ್ಲಿಯ ಮಂದಿರದ ಒಳಕೋಣೆಯಲ್ಲಿ, ತಾನು ಹಿಂದೆ ಪ್ರಾರ್ಥಿಸಿದ್ದ ಒಬ್ಬ ಹುಡುಗಿಯ ತಂದೆಯು ಎದುರಾಗಲು, ಮಗಳು ಹೇಗಿರುವಳೆಂದು ಆತುರದಿಂದ ಕೇಳಿದನು. ನೋವು ತುಸು ಕಡಿಮೆಯಾಗಿದೆಯೆಂದು ಆ ತಂದೆಯು ತಡವರಿಸುತ್ತ ಹೇಳಿದನಂತೆ. ವೃದ್ಧನು ದೀರ್ಘವಾಗಿ ನಿಟ್ಟುಸಿರಿಟ್ಟು ತಲೆ ಬಾಗಿಸಿದನು. ಪ್ರಾಣವು ಅಲ್ಲಿಯೇ ಹೋಯಿತು.