ಒಂದೇ ಪಂಕ್ತಿ, ಹಲವು ಪಥ್ಯ

ನಿಮ್ಮ ಮನೆಯ ರಾತ್ರಿಯೂಟವನ್ನು ಒಮ್ಮೆ ನೆನೆಯಿರಿ. ಅಜ್ಜನಿಗೆ ರಕ್ತದೊತ್ತಡ, ಉಪ್ಪು ಕಡಿಮೆಯಿರಬೇಕು. ಅಜ್ಜಿಗೆ ಸಕ್ಕರೆ ಕಾಯಿಲೆ, ಅನ್ನ ಮಿತವಾಗಿರಬೇಕು. ಮಗನಿಗೆ ಮಾಂಸವಿಲ್ಲದೆ ತುತ್ತು ಇಳಿಯದು. ಸೊಸೆ ಮಾಂಸ ಮುಟ್ಟುವುದಿಲ್ಲ. ಮೊಮ್ಮಗುವಿಗೆ ಖಾರ ಸೇರದು. ಎಲ್ಲರಿಗೂ ಒಂದೇ ಅಡಿಗೆ ಬಡಿಸುವುದು ನ್ಯಾಯವೇ? ಒಬ್ಬೊಬ್ಬರಿಗೂ ಬೇರೆ ಬೇರೆ ಬೇಯಿಸುವುದೇ ಪ್ರೀತಿಯೇ?

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ 39ನೆಯ ಅಧ್ಯಾಯದಲ್ಲಿ ಈ ಪ್ರಶ್ನೆಯನ್ನು ಎದುರಿಸಿದರು. ಊಟಕ್ಕೆ ಬೇಯಿಸಿದ ಎರಡು ಬಗೆಗಳಿರಲಿ, ಒಂದನ್ನು ಉಣ್ಣಲಾಗದವರು ಇನ್ನೊಂದನ್ನು ಉಣ್ಣಲಿ ಎಂಬುದು ಅದರ ಸಾರ. ದೌರ್ಬಲ್ಯಕ್ಕೆ ಅಲ್ಲಿ ಅವಕಾಶವುಂಟು. ಚಪಲಕ್ಕೆ ಮಿತಿಯೂ ಉಂಟು.

ನಮ್ಮ ಮನೆಗಳಲ್ಲಿಯೂ ಇದು ಸಾಧ್ಯ. ಬೇಳೆ ಒಂದೇ ಪಾತ್ರೆಯಲ್ಲಿ ಬೇಯಲಿ. ಉಪ್ಪು, ಖಾರ ಬೀಳುವ ಮುನ್ನ ಅಜ್ಜನ ಮತ್ತು ಮಗುವಿನ ಪಾಲನ್ನು ತೆಗೆದಿಡಿ. ಅಜ್ಜಿಗೆ ಅನ್ನ ಕಡಿಮೆ, ಸೊಪ್ಪಿನ ಪಲ್ಯ ಹೆಚ್ಚು ಬಡಿಸಿರಿ. ಮಾಂಸದ ಸಾರಿಗೆ ಬೇರೆ ಪಾತ್ರೆ, ಬೇರೆ ಸೌಟು ಇರಲಿ.

ಆದರೆ ಇದೆಲ್ಲವನ್ನೂ ತಾಯಿಯೊಬ್ಬಳೇ ಹೊರಬೇಕೆ? ಅದೇ ನಿಯಮಾವಳಿಯ 35ನೆಯ ಅಧ್ಯಾಯವು ಅಡಿಗೆಮನೆಯ ಸೇವೆಯನ್ನು ವಾರದ ಸರದಿಯಂತೆ ಹಂಚುತ್ತದೆ. ಕಾಯಿಲೆಯೋ ಮುಖ್ಯ ಕರ್ತವ್ಯವೋ ಇಲ್ಲದವರಿಗೆ ವಿನಾಯಿತಿಯಿಲ್ಲ. ರುಚಿ ಬೇಡುವವನು ಈರುಳ್ಳಿಯನ್ನಾದರೂ ಹೆಚ್ಚಿಕೊಡಲಿ.

ಎಲ್ಲರ ಪಥ್ಯವನ್ನೂ ನೆನಪಿಟ್ಟವಳು ಕೊನೆಗೆ ಆರಿದ ಅನ್ನವನ್ನು ಒಂಟಿಯಾಗಿ ಉಣ್ಣುವ ಮನೆಯಲ್ಲಿ ಪಂಕ್ತಿಯು ಇನ್ನೂ ಪೂರ್ಣವಾಗಿಲ್ಲ. ಆಕೆಗೆ ಏನು ಇಷ್ಟವೆಂದು ನೀವು ಎಂದಾದರೂ ಕೇಳಿದ್ದೀರಾ?